ನಿಮ್ಮ ಗಂಟಲು, ನನ್ನ ಸಿಟ್ಟು

ರಾಣೆಬೆನ್ನೂರು
೧೦ ಜನವರಿ ೨೦೨೫

ಬೇನಜೀರನ ಅಬ್ಬಾಗ,

ಸಲಾಮ್. ನಿಮ್ಮ ಮನಿ ಬಿಟ್ಟು ಬಂದು ಎರಡು ವರ್ಷ ಆತು. ನಾ ಎಲ್ಲಿ ಇರತೇನಿ, ಮಗಳನ್ನ ಹೆಂಗ ಓದಸತೇನಿ ಅಂತ ಒಂದು ಮಾತು ಕೇಳದ ಮಂದಿ ಈ ವಾರ ಸಾಲು ಹಚ್ಚಿ ನನ್ನ ಬಾಡಿಗಿ ಖೋಲಿಗೆ ಬಂದ್ರು. ಮೊದಲ ನಿಮ್ಮಣ್ಣ ಯೂಸುಫಸಾಬರು. ಚಾ ಕುಡೀಲಿಲ್ಲ, ಕುಂದರಲಿಲ್ಲ. ಬಾಗಿಲದಾಗ ನಿಂತು, "ಖಲಂದರನ ಗಂಟಲಾಗ ಗಂಟು ಆಗೇತಿ, ತುಣುಕು ತಗದು ಟೆಸ್ಟಿಗೆ ಕಳಿಸ್ಯಾರ. ಇನ್ನ ನೀ ಹಟಾ ಮಾಡೂದು ಛಲೋ ಅಲ್ಲ" ಅಂದು ಹೋದ್ರು. ಎರಡು ದಿನ ಬಿಟ್ಟು ಅಗಡಿಯಿಂದ ನಮ್ಮ ಅಮ್ಮಿ ಬಂದ್ಲು. ಬಂದಾಕಿನ ಅಳಾಕ ಕುಂತ್ಲು. "ಅದು ಇದ್ರ ಏನ ಗತಿ ಬೇಟಿ" ಅಂದ್ಲು. ಯಾವುದು ಅಂದೆ. "ಅದು" ಅಂದ್ಲು. ಹೆಸರು ತಗೊಂಡ್ರ ತನಗೂ ಹತ್ತತೈತಿ ಅನ್ನುವಂಗ ಸೆರಗು ಬಾಯಿಗೆ ಹಿಡಕೊಂಡಿದ್ಲು.

ನಾ ಕೇಳೂದು ಇಷ್ಟ. ಇವರನ್ನ ನೀವು ಕಳಿಸೀರೇನು?

ಕಳಿಸಿದ್ರ ಕೇಳ್ರಿ. ಗಂಟಲಾಗ ಗಂಟು ಬಂತಂತ ಬಾಯಿಂದ ಬಂದಿದ್ದೆಲ್ಲಾ ಮಾಫಿ ಆಗೂದಿಲ್ಲ. ಬ್ಯಾನಿ ನಿಮಗ ಬಂದೈತಿ, ಶಿಕ್ಷಾ ನನಗ ಕೊಡಾಕ ಹೊಂಟಾರ. ಅವರಿಗೆ ಎಷ್ಟು ಸಸಾರ ನೋಡ್ರಿ ಇದು. ಗಂಡಸು ಹಾಸಿಗಿ ಹಿಡದ್ರ ಹೆಣ್ಣು ಹೋಗಿ ಗಂಜಿ ಕಾಸಬೇಕು, ಹಿಂದಿಂದು ಕೇಳಬಾರದು.

ಬೇನಜೀರಗ ಇನ್ನೂ ಹೇಳಿಲ್ಲ. ಮಾರ್ಚಿನ್ಯಾಗ ಅಕಿ ಪಿಯುಸಿ ಪರೀಕ್ಷೆ. ಅಕಿ ತನಕ ಯಾರರೆ ಈ ಸುದ್ದಿ ಒಯ್ದ್ರ ನಾ ಸುಮ್ಮನಿರೂದಿಲ್ಲ.

ರಿಪೋರ್ಟ್ ಯಾವಾಗ ಬರತೈತಿ ಅಂತ ಒಂದು ಸಾಲು ಬರೀರಿ. ತಿಳಕೊಳ್ಳಾಕ ಅಷ್ಟ.

ತಬಸ್ಸುಮ್


ಬ್ಯಾಡಗಿ
೧೫ ಜನವರಿ ೨೦೨೫

ತಬಸ್ಸುಮ್,

ನಾ ಯಾರನ್ನೂ ಕಳಿಸಿಲ್ಲ. ಕಳಿಸುವಾಂವ ಆಗಿದ್ರ ಎರಡು ವರ್ಷದ ಹಿಂದ ಕಳಿಸತಿದ್ದೆ. ಭಾಯಿಗೆ ನಾ ಹೇಳಿದ್ದಲ್ಲ, ಕೊಟ್ರೇಶ ಬಾಯಿ ಬಿಟ್ಟ. ಕೋಲ್ಡ್ ಸ್ಟೋರೇಜಿನ್ಯಾಗ ನನ್ನ ಜೋಡಿ ಚೀಲ ಎಣಿಸತಾನಲ್ಲ, ಅಂವನ. ಹುಬ್ಬಳ್ಳಿಗೆ ನನ್ನ ಕರಕೊಂಡು ಹೋದಾಂವನೂ ಅಂವ, ಬಂದ ಮರುದಿನ ಊರಿಗೆಲ್ಲಾ ಸುದ್ದಿ ಹಂಚಿದಾಂವನೂ ಅಂವ. ಈಗ ಮುಂಜಾನಿಂದ ಮಂದಿ. ಮೋಸಂಬಿ ಹಿಡಕೊಂಡು ಬರತಾರ. ಹುಳಿ ತಾಗಿದ್ರ ಗಂಟಲು ಉರಿತೈತಿ ಅಂತ ಯಾರಿಗೂ ಹೊಳಿಯಂಗಿಲ್ಲ. ಕುಂತು ನನ್ನ ಕುತಿಗಿ ನೋಡತಾರ. ಮಾರಿ ಅಲ್ಲ, ಕುತಿಗಿ. "ಏನೂ ಆಗಂಗಿಲ್ಲ ಬಿಡ್ರಿ" ಅಂತಾರ. ಹೊರಗ ಚಪ್ಪಲಿ ಮೆಟ್ಟುವಾಗ "ಪಾಪ" ಅಂತಾರ. ಗಂಟಲು ಕೆಟ್ಟೈತಿ, ಕಿವಿ ಇನ್ನೂ ಛಲೋ ಅದಾವು ನನ್ನವು.

ದನಿ ದಸರಾದಿಂದನ ಒಡದಿತ್ತು. ಮೆಣಸಿನಕಾಯಿ ಘಾಟು ಅಂದೆ. ಬ್ಯಾಡಗ್ಯಾಗ ಕೆಮ್ಮಿದ್ರ ಯಾರು ತಿರುಗಿ ನೋಡತಾರ? ಕೋಲ್ಡ್ ಸ್ಟೋರೇಜಿನ ಥಂಡಿಯಿಂದ ಬಿಸಲಿಗೆ, ಬಿಸಲಿಂದ ಥಂಡಿಗೆ ಅಡ್ಯಾಡತೇನಿ, ಅದಕ್ಕ ಅಂದೆ. ಆಮ್ಯಾಲ ಎಡಗಿವಿ ಸೆಳಿಯಾಕ ಹತ್ತಿತು. ಹಾವೇರ್ಯಾಗ ಡಾಕ್ಟರು ಮೂಗಿನ್ಯಾಗ ನಳಿ ಬಿಟ್ಟು ನೋಡಿ ಸುಮ್ಮನಾದ್ರು. ಡಾಕ್ಟರು ಸುಮ್ಮನಾದ್ರ ಹೆಂಗಿರತೈತಿ ಅನ್ನೂದು ನಿನಗ ಗೊತ್ತಿಲ್ಲ. "ಗುಟ್ಕಾ ಎಷ್ಟು ವರ್ಷದಿಂದ?" ಅಂದ್ರು. ಹುಬ್ಬಳ್ಳ್ಯಾಗ ಬೇಹೋಶ್ ಮಾಡಿ ತುಣುಕು ತಗದ್ರು. ಗಾಯ ಮಾಯೂ ತನಕ ಮಾತಾಡಬಾರದಂತ. ನನಗ!

ನೀ ನನ್ನ ನಂಬರು ಬ್ಲಾಕ್ ಮಾಡೀದಿ, ಅದಕ್ಕ ಕಾಗದಾನ ಗತಿ. ಮನ್ಯಾಗ ಉರ್ದು ಮಾತಾಡಿದ್ರೂ ಬರಿಯಾಕ ನಮಗಿಬ್ಬರಿಗೂ ಸರ್ಕಾರಿ ಸಾಲಿ ಕಲಿಸಿದ ಕನ್ನಡನ ಬರೂದು. ತಪ್ಪಿದ್ರ ನಗಬ್ಯಾಡ.

ರಿಪೋರ್ಟ್ ಮುಂದಿನ ವಾರ ಅಂದಾರ. ನೀ ಬರಬ್ಯಾಡ. ಪಾಪ ಅನ್ನೂ ಮಂದಿ ಇಲ್ಲಿ ಕಡಿಮಿ ಇಲ್ಲ.

ಖಲಂದರ


ರಾಣೆಬೆನ್ನೂರು
೨೧ ಜನವರಿ ೨೦೨೫

ಬೇನಜೀರನ ಅಬ್ಬಾಗ,

ಬರಬ್ಯಾಡ ಅಂತ ಬರದೀರಿ. ಬರತೇನಿ ಅಂತ ಯಾರು ಹೇಳಿದ್ರು?

"ಮಾತಾಡಬಾರದಂತ, ನನಗ!" ಅಂದಲ್ಲಿ ನನಗ ಮೊದಲ ನಗಿ ಬಂತು. ಆಮ್ಯಾಲ ಸಿಟ್ಟು. ಆ ದನಿ ಏನೇನು ಮಾಡೇತಿ ಅಂತ ನಿಮಗ ನೆನಪೈತೋ ಇಲ್ಲೋ, ನನಗೈತಿ. ಅವತ್ತ ಊಟದ ಡಬ್ಬಿ ತರೂದು ತಡಾ ಆತು. ಬೇನಜೀರಗ ಜ್ವರ ಇತ್ತು. ಕೋಲ್ಡ್ ಸ್ಟೋರೇಜಿನ ಗೇಟಿನ್ಯಾಗ, ಹಮಾಲರ ಮುಂದ, ಮೆಣಸಿನಕಾಯಿ ತೊಟ್ಟು ಮುರಿಯೋ ಹೆಣ್ಮಕ್ಕಳ ಮುಂದ ಚೀರಿದ್ರಿ. ಏನಂದ್ರಿ ಅಂತ ಬರಿಯೂದಿಲ್ಲ, ಕಾಗದಕ್ಕೂ ಮರ್ಯಾದಿ ಐತಿ. ಡಬ್ಬಿ ಒಗದ್ರಿ. ರೊಟ್ಟಿ ಖಾರದ ಧೂಳಾಗ ಬಿದ್ವು. ನಾ ಬಗ್ಗಿ ಆರಿಸಿಕೊಂಡೆ. ಯಾಕ ಆರಿಸಿಕೊಂಡೆ ಅನ್ನೂದು ಇವತ್ತಿಗೂ ತಿಳದಿಲ್ಲ. ಮಗಳು ಮನ್ಯಾಗ ಜ್ವರದಾಗ ಬಿದ್ದಾಳ, ನಾ ರಸ್ತೇದಾಗ ಕುಕ್ಕರಗಾಲಿಲೆ ಕುಂತು ರೊಟ್ಟಿಗೆ ಹತ್ತಿದ ಖಾರ ಝಾಡಸಾಕತ್ತೇನಿ. ಯಾರೂ ನಗಲಿಲ್ಲ. ನಕ್ಕಿದ್ರ ಛಲೋ ಇತ್ತು. ಅವತ್ತನ ಬಿಡಬೇಕಂತ ಮಾಡಿದೆ.

ನಿಮ್ಮ ಮಾತು ಬಂದ್ ಆಗೇತಿ ಅಂತ ಓದಿದ ದಿನ ನನಗ ಹಗುರಾತು. ಖರೇ ಹೇಳತೇನಿ. ಬೀಜದ ಕಂಪನ್ಯಾಗ ಕುಂತು ಬೀಜ ಆರಿಸುವಾಗ ಬಾಯಾಗ ತಾನ ಹಾಡು ಬಂತು. ಮರುದಿನ ಆ ಹಗುರ ಎಲ್ಲಿ ಹೋತೋ. ಒಂದು ದಿನಕ್ಕಿಂತ ಹೆಚ್ಚು ಖುಷಿ ಪಡಾಕೂ ಬಿಡಲಿಲ್ಲ ನೀವು. ಅದಕ್ಕೂ ನನಗ ಸಿಟ್ಟೈತಿ.

ರಿಪೋರ್ಟ್ ಏನಾತು?

ತಬಸ್ಸುಮ್


ಬ್ಯಾಡಗಿ
೩ ಫೆಬ್ರವರಿ ೨೦೨೫

ತಬಸ್ಸುಮ್,

ಡಬ್ಬಿ ನೆನಪೈತಿ. ಅಷ್ಟ ಬರೀತೇನಿ.

ರಿಪೋರ್ಟ್ ಬರಲಿಲ್ಲ ಅಂತ ಉತ್ತರ ತಡಾ ಆತು. ಮೊದಲನೇ ಸಲ ಹೋದ್ರ ಇನ್ನೂ ಆಗಿಲ್ಲ ಅಂದ್ರು. ಎರಡನೇ ಸಲ ಹೋದ್ರ ತುಣುಕು ಸಾಲದು, ಇದರ ಮ್ಯಾಲ ಹೌದು ಅಂತನೂ ಅನ್ನಾಕ ಬರಂಗಿಲ್ಲ, ಅಲ್ಲ ಅಂತನೂ ಅನ್ನಾಕ ಬರಂಗಿಲ್ಲ, ಮತ್ತ ತಗೀಬೇಕು ಅಂದ್ರು. ಇಷ್ಟು ದಿನ ಕಾದದ್ದು ಯಾತಕ್ಕ? ನನಗ ನೆತ್ತಿಗೇರಿತು. ಬೈಯಾಕ ಬಾಯಿ ತಗದೆ. ಒಳಗ ಗುಡುಗು, ಹೊರಗ ಪಂಕ್ಚರ್ ಆದ ಟ್ಯೂಬಿನಂಗ ಫುಸ್ ಅಂತ ಗಾಳಿ. ಕೌಂಟರಿನ ಹುಡುಗಿ ಮಾರಿ ಎತ್ತದನ "ಮುಂದಿನವರು ಬರ್ರಿ" ಅಂದ್ಲು. ಗಾಜಿಗೆ ಮುಷ್ಟಿಲೆ ಗುದ್ದಿದೆ. ಸೆಕ್ಯುರಿಟಿಯಾಂವ ತೋಳು ಹಿಡದ. ಕೊಟ್ರೇಶ ಎಲ್ಲಾರಿಗೂ ಕೈ ಮುಗದು ನನ್ನ ಬಿಡಿಸಿಕೊಂಡು ಬಂದ.

ಎದ್ದ ಕೂಡ್ಲೆ ಬೆರಳು ಕುತಿಗಿಗೆ ಹೋಕೈತಿ. ನಿನ್ನಿಗಿಂತ ದೊಡ್ಡದಾತೇನು ಅಂತ ಒತ್ತಿ ನೋಡತೇನಿ. ಒತ್ತಿ ಒತ್ತಿ ಅಲ್ಲಿ ನೋವು ಹತ್ತೇತಿ, ಈಗ ಆ ನೋವು ಬ್ಯಾನಿದೋ ಬೆರಳಿಂದೋ ತಿಳೀವಲ್ದು. ಉಗುಳು ನುಂಗತೇನಿ. ಸರಳ ಇಳೀತೇನು ಅಂತ ಮತ್ತ ನುಂಗತೇನಿ. ನಿನ್ನಿ ಬೈಕಿನ ಕನ್ನಡಿ ಮುಂದ ಬಾಯಿ ತಗದು ಮೊಬೈಲಿನ ಬೆಳಕು ಹಿಡಕೊಂಡು ನಿಂತಿದ್ದೆ. ಹಮಾಲರು ನೋಡಿ ನಕ್ಕರು. ಅವರನ್ನ ಬೈಯಾಕೂ ದನಿ ಇಲ್ಲ.

ದವಾಖಾನ್ಯಾಗ ಒಬ್ಬಾಂವ ಕುಂತಿದ್ದ. ನನ್ನ ವಾರಿಗಿಯಾಂವ. ಕುತಿಗಿ ನಡುವ ತೂತು. ಮಾತಾಡಬೇಕಂದ್ರ ಬೆರಳಿಲೆ ಅದನ್ನ ಮುಚ್ಚತಿದ್ದ. "ನೀರು" ಅಂದ. ತಗಡಿನ ಡಬ್ಬ್ಯಾಗ ಕಲ್ಲು ಅಲ್ಲಾಡಿಸಿದಂಗ ಕೇಳಿತು. ಅವನ ಹೆಂಡತಿ ಮಾತ್ರ ಏನೂ ಆಗೇ ಇಲ್ಲ ಅನ್ನುವಂಗ ಎದ್ದು ಹೋಗಿ ತಂದ್ಲು.

ನಾ ಮತ್ತ ಹೋಗಂಗಿಲ್ಲ. ಹೆದರಿಕಿ ಅಲ್ಲ. ಸಾಕಾಗೇತಿ. ಆಗೂದು ಆಗಲಿ.

ಇನ್ನೊಂದು. ಕೌಂಟರಿನ ಮುಂದ ನಾ ಅಂದಿದ್ದು ಯಾರಿಗೂ ಕೇಳದಂಗ ಆದಾಗ ನಿನ್ನ ನೆನಪು ಬಂತು.

ಖಲಂದರ


ರಾಣೆಬೆನ್ನೂರು
೬ ಫೆಬ್ರವರಿ ೨೦೨೫

ಬೇನಜೀರನ ಅಬ್ಬಾಗ,

ನನ್ನ ನೆನಪು ಬಂತಂತ ಬರದೀರ್ಯಲ್ಲ, ಅದನ್ನ ಬಿಡ್ರಿ. ನಿಮ್ಮ ದನಿ ಹೋಗಿ ನಿಮಗ ಬುದ್ಧಿ ಬರಲಿ ಅಂತ ನಾ ಎರಡು ವರ್ಷ ಬೀಜ ಆರಿಸಿಕೋತ ಕುಂತಿಲ್ಲ. ಆ ಬುದ್ಧಿ ನೀವ ಇಟಗೊಳ್ರಿ.

ಮತ್ತ ಹೋಗಂಗಿಲ್ಲ ಅಂದ್ರ ಏನು? ಹೆದರಿಕಿ ಅಲ್ಲಂತ! ಹೆದರಿಕಿನ ಅದು. ಹೆದರ್ರಿ, ಯಾರು ಬ್ಯಾಡಂದ್ರು? ನಾ ಹದಿನೇಳು ವರ್ಷ ಆ ಮನ್ಯಾಗ ಹೆದರಿದೆ. ಹೆದರಿಕೋತನ ರೊಟ್ಟಿ ಬಡದೆ, ಹೆದರಿಕೋತನ ಹಡದೆ, ಮಗಳನ್ನ ಸಾಲಿಗೆ ಕಳಿಸಿದೆ. ಹೆದರಿಕಿ ಇದ್ರೂ ಮಾಡೂ ಕೆಲಸ ಮಾಡಾಕ ಬರತೈತಿ.

ಮತ್ತ ಒಂದು ತಿಳಕೊಳ್ರಿ. ನೀವು ಹಿಂಗ ಕುಂತು ಏನರೆ ಆದ್ರ ಊರು ಏನಂತೈತಿ? ಹೆಂಡತಿ ಬಿಟ್ಟು ಹೋದ್ಲು, ಅದ ಕೊರಗಿನ್ಯಾಗ ಸತ್ತ ಅಂತೈತಿ. ಗುಟ್ಕಾದ ಹೆಸರು ಯಾರೂ ತಗಿಯಂಗಿಲ್ಲ, ನನ್ನ ಹೆಸರು ತಗೀತಾರ. ಸಾಯೂತನಕ ನಾ ಅದನ್ನ ಹೊತ್ತು ತಿರಗಬೇಕು, ನನ್ನ ಮಗಳ ಲಗ್ನದಾಗೂ ಅದ ಮಾತು. ಆ ಹೊರಿ ನಾ ಹೊರಂಗಿಲ್ಲ. ನಾ ಬಿಟ್ಟು ಬಂದದ್ದು ನಿಮ್ಮ ಬಾಯಿಗೆ, ನಿಮ್ಮ ಬ್ಯಾನಿಗೆ ಅಲ್ಲ.

ಬರೂ ಸೋಮವಾರ ಮುಂಜಾನಿ ಹುಬ್ಬಳ್ಳಿ ಬಸ್ಸಿಗೆ ನಾ ಇಲ್ಲಿ ಹತ್ತತೇನಿ. ನೀವು ಮೋಟೆಬೆನ್ನೂರ ಕ್ರಾಸಿಗೆ ಬಂದು ನಿಂದರ್ರಿ. ನಿಂತಿರಲಿಲ್ಲ ಅಂದ್ರ ನಾ ಅಲ್ಲೇ ಇಳದು ಬ್ಯಾಡಗಿಗೆ ಬರತೇನಿ. ಕೋಲ್ಡ್ ಸ್ಟೋರೇಜಿನ ಗೇಟಿನ ಮುಂದ ನಿಂತು, ಹಮಾಲರ ಮುಂದ, ಎಲ್ಲಾರ ಮುಂದ ಚೀರತೇನಿ. ನನಗ ದನಿ ಐತಿ.

ದವಾಖಾನಿಗೆ ಬರತೇನಿ. ಮನಿಗೆ ಬರೂದಿಲ್ಲ. ಇವೆರಡನ್ನ ಯಾರೂ ಕೂಡಿಸಿ ಓದಬಾರದು. ನೀವೂ.

ತಬಸ್ಸುಮ್


ಬ್ಯಾಡಗಿ
೧೩ ಫೆಬ್ರವರಿ ೨೦೨೫

ತಬಸ್ಸುಮ್,

ಹೋಗಿ ಬಂದದ್ದಾತು. ಮತ್ತ ಮಾತು ಬಂದ್, ಮತ್ತ ಕಾಯೂದು. ನೀ ಅವತ್ತ ನನಗ ಬೈಯದ ಇದ್ದದ್ದ ಒಂದು ದೊಡ್ಡದು, ಆದ್ರ ನನಗೂ ಸಿಟ್ಟು ಬಂದಿತ್ತು, ಅದನ್ನ ಬರಿಯಾಕ ಕುಂತೇನಿ.

ಬಸ್ಸಿನ್ಯಾಗ ನಿನ್ನ ಬಾಜೂಕಿನ ಸೀಟಿನ ಮ್ಯಾಲ ಬ್ಯಾಗ್ ಇಟ್ಟಿದ್ದಿ. ನಾ ಕಂಬಿ ಹಿಡಕೊಂಡು ನಿಂತೆ. ಕುತಿಗಿಗೆ ಮಫ್ಲರ್ ಸುತ್ತಿದ್ದು ನೋಡಿ ಕಂಡಕ್ಟರ್, "ಅಕ್ಕಾ, ಬ್ಯಾಗ್ ತಗೀರಿ, ಅಜಾರಿ ಮನಷ್ಯಾ, ಆರಾಮಿಲ್ಲ, ಕುಂದರಲಿ" ಅಂದ. ಅಜಾರಿ ಮನಷ್ಯಾ! ಅವನ ಕೊಳ್ಳಪಟ್ಟಿ ಹಿಡೀಬೇಕು ಅನಿಸ್ತು. ನೀ ಕೇಳಿಸಿಕೊಂಡೂ ಬ್ಯಾಗ್ ಸರಸಲಿಲ್ಲ. ಹಾವೇರಿ ಸ್ಟ್ಯಾಂಡ್ ಬಂದ ಮ್ಯಾಲ ಬ್ಯಾಗ್ ತೊಡಿ ಮ್ಯಾಲ ಇಟಗೊಂಡಿ. ಅಲ್ಲಿಂದ ಹುಬ್ಬಳ್ಳಿ ತನಕ ನೀ ಕಿಟಕಿ ನೋಡಿದಿ, ನಾ ಡ್ರೈವರನ ಬೆನ್ನು ನೋಡಿದೆ.

ಸಿಸ್ಟರ್ "ನೀವು ಇವರ ಮನಿಯವರೇನ್ರಿ?" ಅಂತ ಕೇಳಿದ್ರ "ಇವರ ಮಗಳ ಅಮ್ಮಿ" ಅಂದಿ. ಅಕಿ ನಕ್ಕಳು. ಡಾಕ್ಟರು ಗುಟ್ಕಾ ದಿನಾ ಎಷ್ಟು ಅಂದ್ರು. ನಾ ಎರಡು ಬೆರಳು ತೋರಿಸಿದೆ. ನೀ, "ಸುಳ್ಳ್ರಿ ಸಾಹೇಬ್ರ. ಮುಂಜಾನಿಂದ ಸಂಜಿ ತನಕ ಈ ಬಾಯಿ ಖಾಲಿ ಇದ್ದದ್ದು ನಾ ನೋಡಿಲ್ಲ" ಅಂದಿ. ನಾ ಮಲಗಿದ್ರೂ ಕೈ ಎತ್ತಿ ಬ್ಯಾಡ ಅಂದೆ. ನೀ ನಿಲ್ಲಸಲಿಲ್ಲ.

ಒಳಗ ಒಯ್ಯುವಾಗ ಕೌಂಟರಿನ ಕಡಿಂದ ನಿನ್ನ ದನಿ ಕೇಳಿತು. "ತುಣುಕು ಸಾಲದು ಅಂದ್ರ ಅವತ್ತ ಯಾಕ ಹೇಳಲಿಲ್ಲ? ಒಂದೊಂದು ದಿನ ನಮಗ ಹೆಂಗ ಹೋಕೈತಿ ಗೊತ್ತೈತೇನ್ರಿ ನಿಮಗ?" ಆ ಹುಡುಗಿ ಈ ಸಲ ಮಾರಿ ಎತ್ತಿರಬೇಕು.

ನಮಗ ಅಂದಿ. ಕೇಳೇನಿ ನಾ.

ಖಲಂದರ


ರಾಣೆಬೆನ್ನೂರು
೨೪ ಫೆಬ್ರವರಿ ೨೦೨೫

ಕೊಟ್ರೇಶಣ್ಣ ಫೋನ್ ಮಾಡಿದ್ದ. "ಹೇಳಬಾರದು ತಂಗಿ, ಹೇಳದಿದ್ರ ನಿದ್ದಿ ಬರೂದಿಲ್ಲ" ಅಂದ. ಗೋಡೌನಿನ ಹಿಂದ ನಿಂತು ಗುಟ್ಕಾ ಹಾಕ್ಕೊಂಡಿಯಂತ.

ನೀ. ಹೌದು, ನೀ ಅಂತನ ಬರಿಯಾಕತ್ತೇನಿ. ಹತ್ತೊಂಬತ್ತು ವರ್ಷದಾಗ ಮೊದಲನೇ ಸಲ.

ಗಂಟಲಾಗ ಎರಡು ಸಲ ಕತ್ತರಿ ಆಡೇತಿ. ಆ ಗಾಯ ಮಾಯೂಕಿಂತ ಮೊದಲ ಅದರ ಮ್ಯಾಲ ವಿಷ ಸುರುವಿದಿ. ನಾ ಅವತ್ತ ದವಾಖಾನಿ ಬಾಕಿನ ಮ್ಯಾಲ ಕುಂತು, ನಿನ್ನ ಚಪ್ಪಲಿ ಕಾಲಾಗ ಇಟಗೊಂಡು, ಓದಾಕ ಬಂದಷ್ಟು ದುವಾ ಓದಿದೆ. ಆ ದುವಾ ವಾಪಸ್ ತಗೋಬೇಕು ಅನಿಸೇತಿ. ನಿನ್ನ ಜೀವದ ಮ್ಯಾಲ ನಿನಗಿಲ್ಲದ ಕಾಳಜಿ ಲೋಕಕ್ಕೆಲ್ಲಾ ಯಾಕ ಬೇಕು? ನನಗ ಯಾಕ ಬೇಕು?

ನಿನ್ನ ಸಲುವಾಗಿ ನಾ ಎರಡು ತಳಿ ಟೊಮೆಟೊ ಬೀಜ ಒಂದ ಬುಟ್ಟ್ಯಾಗ ಸುರುವಿಬಿಟ್ಟೆ. ಕಣ್ಣು ಬುಟ್ಟ್ಯಾಗ ಇದ್ವು, ಮನಸು ಹುಬ್ಬಳ್ಳ್ಯಾಗ. ಸೂಪರವೈಜರ್ ಭುವನಾ ಮೇಡಮ್ ಎಲ್ಲಾರ ಮುಂದ ಬೈದ್ರು. ಕೂಡಿದ ಬೀಜ ಬ್ಯಾರೆ ಮಾಡಾಕ ಬರಂಗಿಲ್ಲ, ಎಲ್ಲಾ ಚೆಲ್ಲಬೇಕು. ಮನ್ಯಾಗ ಅನ್ನ ಮ್ಯಾಲಿಂದ ಮ್ಯಾಲ ಹೊತ್ತಿದ್ದು ನೋಡಿ ಬೇನಜೀರ "ಏನಾಗೇತಿ ಅಮ್ಮಿ" ಅಂತ ನನ್ನ ಕೈ ಹಿಡಕೊಂಡ್ಲು. ಹೇಳಿದೆ. ಹೇಳಬೇಕಾತು. ಅಕಿ ಅಳಲಿಲ್ಲ. "ಅಬ್ಬಾ ಬೈಯೂದು ನಿಂತೈತೇನು?" ಅಂತ ಕೇಳಿದ್ಲು. ಆಮ್ಯಾಲ ಪುಸ್ತಕ ತಗದು ಕುಂತ್ಲು. ಬಾಳ ಹೊತ್ತು ಕುಂತ್ಲು, ಹಾಳಿ ಮಗುಚಲಿಲ್ಲ.

ನಮಗ ಅಂದದ್ದು ಬಾಯಿ ತಪ್ಪಿ.

ತಬಸ್ಸುಮ್


ಬ್ಯಾಡಗಿ
೬ ಮಾರ್ಚ್ ೨೦೨೫

ತಬಸ್ಸುಮ್,

ರಿಪೋರ್ಟ್ ಬಂತು. ಕ್ಯಾನ್ಸರ್.

ಭಾಯಿ "ಅದು" ಅಂತಾನ, ಕೊಟ್ರೇಶ "ದೊಡ್ಡ ಬ್ಯಾನಿ" ಅಂತಾನ, ಡಾಕ್ಟರು ಇಂಗ್ಲಿಷಿನ್ಯಾಗ ಏನೋ ಉದ್ದಂದು ಅಂದ್ರು. ನಾ ಬರದು ನೋಡಿದೆ. ಏನೂ ಆಗಲಿಲ್ಲ, ಪೆನ್ನು ನಡೀತು. ಎರಡು ತಿಂಗಳು ಈ ಒಂದು ಶಬ್ದಕ್ಕ ಹೆದರಿ ಸತ್ತೆ. ಬಂದ ಮ್ಯಾಲ ನೋಡಿದ್ರ ಅದಕ್ಕಿಂತ ಆ ಕಾಯೂದ ಕೆಟ್ಟಿತ್ತು.

ಲಗೂನ ಸಿಕ್ಕೈತಿ ಅಂದಾರ. ಕುತಿಗಿ ಕೊಯ್ಯೂದು ಬ್ಯಾಡಂತ, ಕರೆಂಟ್ ಕೊಡತಾರಂತ, ರೇಡಿಯೇಶನ್ ಅಂತಾರಲ್ಲ ಅದು. ಆರೇಳು ವಾರ, ಐತವಾರ ಶನಿವಾರ ಬಿಟ್ಟು ದಿನಾ ಹುಬ್ಬಳ್ಳಿಗೆ ಹೋಗಬೇಕು. ಬಾಳ ಮಂದಿಗೆ ಗುಣ ಆಗೇತಿ ಅಂತ ಹೇಳಿದ್ರು, ನಿಮಗೂ ಆಕೈತಿ ಅಂತ ಬರದು ಕೊಡ್ರಿ ಅಂದೆ, ಕೊಡಲಿಲ್ಲ. ದನಿ ಉಳೀತೈತಿ, ಮೊದಲಿನಷ್ಟಲ್ಲ.

ಗುಟ್ಕಾ ಖರೇ. ಕಾಯಾಕ ಆಗಲಿಲ್ಲ. ಸಿಟ್ಟು ಯಾರ ಮ್ಯಾಲ ತಗೀಬೇಕು ತಿಳೀಲಿಲ್ಲ. ಬಾಯಿಗೆ ಬೀಳೂದ್ರಾಗ ಬೆಂಕಿ ಹತ್ತಿದಂಗ ಆಗಿ ಉಗುಳಿದೆ. ಅಲ್ಲಿಂದ ಮುಟ್ಟಿಲ್ಲ. ನಂಬತಿಯೋ ಬಿಡತಿಯೋ. ನೀ ಅಂತ ಬರದ ಕಾಗದ ಹರದು ಒಗೀಬೇಕಂತ ಮಾಡಿದೆ. ಹರೀಲಿಲ್ಲ. ಬೇನಜೀರ ಕೇಳಿದ್ದನ್ನ ಓದಿ ಮುಂದ ಓದಾಕ ಆಗಲಿಲ್ಲ, ಮಡಚಿ ಇಟ್ಟು ಮರುದಿನ ಓದಿದೆ. ಅಕಿ ಪರೀಕ್ಷೆ ನಡದಾವು. ರಿಪೋರ್ಟಿನ ಸುದ್ದಿ ಅವು ಮುಗಿಯೂ ತನಕ ಬ್ಯಾಡ.

ಈ ವರ್ಷ ರೋಜಾ ಹಿಡಿಬಾರದು ಅಂದಾರ. ಸಂಜಿಕ ಅಜಾನ್ ಆದಾಗ ಓಣಿ ಮಂದಿ ಎಲ್ಲಾ ತಮ್ಮ ತಮ್ಮ ಮನ್ಯಾಗ ಕೂಡಿ ಕುಂತಿರತಾರ. ನಾ ಒಬ್ಬನ ಗಂಜಿ ಮುಂದ ಇಟಗೊಂಡು ಕುಂದರತೇನಿ.

ಪಾಪ ಅಂತ ಬಾ ಅನ್ನೂದಿಲ್ಲ. ಆದ್ರ ಬಾ. ನಾ ಹೆದರೇನಿ, ತಬಸ್ಸುಮ್.

ಖಲಂದರ


ರಾಣೆಬೆನ್ನೂರು
೧೧ ಮಾರ್ಚ್ ೨೦೨೫

ಬೇನಜೀರನ ಅಬ್ಬಾಗ,

ನಿಮ್ಮ ಕಾಗದ ಬಂದ ದಿನ ಕೆಲಸಕ್ಕ ಹೋಗಲಿಲ್ಲ. ಬೇನಜೀರ ಪರೀಕ್ಷೆಗೆ ಹೋದ ಮ್ಯಾಲ ಖೋಲಿಯಾಗಿನ ಪಾತ್ರೆ ಎಲ್ಲಾ ಹೊರಗ ತಗದು ತಿಕ್ಕಿದೆ. ತಿಕ್ಕಿದ್ದನ್ನ ಮತ್ತ ತಿಕ್ಕಿದೆ. ತಿಕ್ಕಿಕೋತ ಬೈದೆ. ನಿಮಗ ಬೈದೆ, ಆ ಗುಟ್ಕಾ ಪುಡಿ ಮಾಡಿ ಮಾರೂ ಮಂದಿಗೆ ಬೈದೆ, ಘಾಟು ಅಂದ ಕೂಡ್ಲೆ ಹೂಂ ಅಂದ ಬ್ಯಾಡಗಿ ಊರಿಗೆ ಬೈದೆ. ರೋಜಾದಾಗ ದೇವರಿಗೆ ಬೈಯಬಾರದಂತ ಅವನೊಬ್ಬನ್ನ ಬಿಟ್ಟೆ.

ಹೆದರೇನಿ ಅಂತ ಬರದ್ರಿ. ಇದೊಂದು ಮಾತು ಹದಿನೇಳು ವರ್ಷದಾಗ ಯಾವಾಗರೆ ಒಮ್ಮೆ ಅಂದಿದ್ರ ನಾ ಎಲ್ಲಿರತಿದ್ದೆ, ನೀವೆಲ್ಲಿರತಿದ್ರಿ? ಎಲ್ಲಾ ಹೋದ ಮ್ಯಾಲ ಕೊಟ್ರಿ. ತಗೊಂಡು ಎಲ್ಲಿ ಇಡಲಿ ಇದನ್ನ?

ನಾ ಬ್ಯಾಡಗಿಗೆ ಬರೂದಿಲ್ಲ. ಯಾರರೆ ಬಾಗಿಲು ಜೋರಾಗಿ ಹಾಕಿದ್ರ ನನ್ನ ಕೈಯಾಗಿಂದು ಇವತ್ತಿಗೂ ಜಾರತೈತಿ. ನಿಮ್ಮ ದನಿ ಹೋತು, ಅದು ಹೋಗಿಲ್ಲ. ನೀವು ಸುಧಾರಿಸಿದ್ರೂ ಬರೂದಿಲ್ಲ. ಸುಧಾರಿಸ್ರಿ, ಮಗಳಿಗೆ ಬೇಕು ಅದು.

ಕರೆಂಟಿಗೆ ಹೋಗೂದರ ಬಗ್ಗೆ ಕೇಳ್ರಿ. ಸೋಮವಾರ ನನಗ ಸೂಟಿ, ಅವತ್ತ ನಾ ಬರತೇನಿ. ಮೋಟೆಬೆನ್ನೂರ ಕ್ರಾಸ್, ಅದ ಬಸ್ಸು. ಶುಕ್ರವಾರ ನಿಮ್ಮಣ್ಣ ಬರತಾರ. ನಾನ ಫೋನ್ ಹಚ್ಚಿದ್ದೆ. "ನನಗ ಅಂಗಡಿ ಐತಿ, ಹೆಣ್ಮಗಳು ನೀ ಇರುವಾಗ..." ಅಂತ ಶುರು ಮಾಡಿದ್ರು. "ತಮ್ಮ ನಿಮ್ಮವರು ಹೌದೋ ಅಲ್ಲೋ?" ಅಂದೆ. ಬರತೇನಿ ಅಂದ್ರು. ಉಳಿದ ದಿನ ಕೊಟ್ರೇಶಣ್ಣ. ಗಂಜಿಗೆ ಉಪ್ಪು ಕಡಿಮಿ ಹಾಕ್ಕೊಳ್ರಿ, ಖಾರ ಬ್ಯಾಡ. ಕುತಿಗಿ ಒತ್ತಿ ನೋಡೂದು ಬಿಡ್ರಿ, ಡಾಕ್ಟರು ಅದಾರ ನೋಡಾಕ. ಜೇಬಿನ್ಯಾಗ ಮತ್ತ ಆ ಗುಟ್ಕಾ ಚೀಟು ಕಂಡ್ರ ನಡು ಹಾದ್ಯಾಗ ಬಸ್ಸು ನಿಲ್ಲಿಸಿ ಇಳಸತೇನಿ, ಅಜಾರಿ ಮನಷ್ಯಾ ಅಂತ ನೋಡಂಗಿಲ್ಲ.

ಪರೀಕ್ಷೆ ಮುಗಿದ ಮ್ಯಾಲ ಬೇನಜೀರಗ ಎಲ್ಲಾ ಹೇಳತೇನಿ. ನಿಮ್ಮನ್ನ ನೋಡಾಕ ಬರೂದು ಬಿಡೂದು ಅಕಿಗೆ ಬಿಟ್ಟದ್ದು. ಹೋಗು ಅಂತ ನಾ ಹೇಳೂದಿಲ್ಲ, ಬ್ಯಾಡ ಅಂತಾನೂ ಹೇಳೂದಿಲ್ಲ.

ನಿನ್ನಿ ಅಮ್ಮಿ ಮತ್ತ ಬಂದಿದ್ಲು. ನಾ ಸೋಮವಾರ ಬರೂದು ಕೇಳಿ ಖುಷಿ ಆದ್ಲು, ಮನಿಗೆ ಹೋಗೂದಿಲ್ಲ ಅಂದದ್ದು ಕೇಳಿ ಅತ್ಲು. "ಇದ್ಯಾವ ರೀತಿ ಬೇಟಿ, ಅವನ ಮ್ಯಾಲ ಜೀವ ಐತೋ, ಸಿಟ್ಟೈತೋ, ಒಂದರೆ ಹೇಳು" ಅಂದ್ಲು. ಅಕಿಗೆ ಹೇಳಾಕ ಆಗಲಿಲ್ಲ. ನಿಮಗ ಬರೀತೇನಿ.

ನಾ ಬರೂದಿಲ್ಲ. ನೀವು ಸಾಯಬ್ಯಾಡ್ರಿ. ಎರಡೂ ಖರೇ.

ತಬಸ್ಸುಮ್